ಮಣ್ಣಿಗೆ ಮೀಸಲಾದ ಬಟಾಣಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟದಲ್ಲಿ ವಾಯವ್ಯ ಮೂಲೆಗೆ ಕಣ್ಣು ಹಾಯಿಸಿದರೆ ವಾಷಿಂಗ್‌ಟನ್ ಎಂಬ ಸಂಸ್ಥಾನವೊಂದು ಕಾಣುತ್ತದೆ. ಆ ದೇಶದ ರಾಜಧಾನಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ; ರಾಜಧಾನಿ ಇರುವುದು ಖಂಡದ ಮತ್ತೊಂದು ಅಂಚಿನಲ್ಲಿ. ಈ ಸಂಸ್ಥಾನದ ಪೂರ್ವಭಾಗದಲ್ಲಿ, ನೆರೆಯ ಐಡಾಹೊ ಸಂಸ್ಥಾನದೊಳಕ್ಕೂ ಒಂದಿಷ್ಟು ಚಾಚಿಕೊಂಡು, ಪಲೂಸ್ ಎಂಬ ಗುಡ್ಡಗಳ ಸೀಮೆಯುಂಟು. ಗೋಧಿಗೆ ಹೆಸರಾದ ಸೀಮೆ ಅದು. ಅಲ್ಲಿನ ರೈತರಲ್ಲಿ ಕೆಲವರು ಗೋಧಿಯ ನಡುವೆ ಒಂದು ವರ್ಷ ಬಟಾಣಿಯನ್ನು ಬಿತ್ತಿ, ಅದು ಹೂ ತುಂಬಿ ನಿಂತಾಗ ಕಾಯಿ ಕಟ್ಟಲು ಬಿಡದೆ ಉತ್ತು ಮಣ್ಣಿಗೆ ಸೇರಿಸಿಬಿಡುತ್ತಾರೆ. ಮನೆಯ ಅಡಿಗೆಗಾಗಲಿ ಪೇಟೆಯ ಮಾರಾಟಕ್ಕಾಗಲಿ ಅದರಿಂದ ಒಂದು ಹಿಡಿ ಕಾಳೂ ದೊರೆಯುವುದಿಲ್ಲ. ದೂರದಿಂದ ಬಂದವನಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಸೀಮೆಯ ನೆಲದ ಕಥೆಯನ್ನು ಕೇಳಿದ ಮೇಲೆ, ಅಲ್ಲಿ ಬೆಳೆಯುವ ಬೆಳೆಗಳಲ್ಲೆಲ್ಲ ಇದೇ ಹೆಚ್ಚು ಅರ್ಥವುಳ್ಳದ್ದೆಂದು ತೋರದೆ ಇರದು.

ಪಲೂಸನ್ನು ನೋಡಬೇಕೆನ್ನುವವರು ಮೊದಲು ಸ್ಟೆಪ್ಟೋ ಬೆಟ್ಟವನ್ನು ಏರುವುದು ವಾಡಿಕೆ. ಸಮುದ್ರಮಟ್ಟದಿಂದ ಅದರ ಎತ್ತರ 3,612 ಅಡಿ. ಸುತ್ತಲಿನ ಹೊಲಗಳಿಂದ ಸುಮಾರು 1,000 ಅಡಿ. ಬೆಟ್ಟವನ್ನು ಸುತ್ತಿಕೊಂಡು ಹೋಗುವ ರಸ್ತೆ ಪ್ರವಾಸಿಯನ್ನು ನೆತ್ತಿಯವರೆಗೂ ಕರೆದೊಯ್ಯುತ್ತದೆ. ಜೂನ್ ತಿಂಗಳ ಸಂಜೆ ಅಲ್ಲಿ ನಿಂತವನ ಕಣ್ಣಿಗೆ ಬೀಳುವ ದೃಶ್ಯ ಸುಲಭವಾಗಿ ಮರೆಯುವಂಥದಲ್ಲ. ನಾಲ್ಕು ದಿಕ್ಕಿಗೂ ಗುಡ್ಡಗಳು. ಅವುಗಳಲ್ಲಿ ಬಂಡೆಯಿಲ್ಲ, ಮರ ಅಪರೂಪ. ಮಡಿಕೆ ಬಿಚ್ಚಿ ಹಾಸಿದ ರೇಷ್ಮೆಯ ಸೀರೆ ಅಲೆಯಲೆಯಾಗಿ ನೆಲದ ಮೇಲೆ ಬಿದ್ದಂತೆ ಏರುತ್ತ, ಇಳಿಯುತ್ತ, ಕಣ್ಣು ಸೋಲುವವರೆಗೆ ಅವು ಹಬ್ಬಿರುತ್ತವೆ. ಚಳಿಗಾಲದ ಗೋಧಿಯ ಕಡುಹಸಿರು ಒಂದು ಕಡೆ. ವಸಂತದಲ್ಲಿ ಬಿತ್ತಿದ ಮಸೂರದ ಎಳೆಹಸಿರು ಇನ್ನೊಂದು ಕಡೆ. ಬೀಳು ಬಿಟ್ಟ ಹೊಲಗಳ ಕಂದು ಮಗದೊಂದು ಕಡೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಗುಡ್ಡದ ಒಂದು ಮಗ್ಗುಲು ಹೊನ್ನಾಗಿ, ಇನ್ನೊಂದು ನೆರಳಾಗಿ, ಇಡೀ ಸೀಮೆ ನಿಂತಲ್ಲಿಯೇ ಅಲೆಯಾಡುವಂತೆ ಭಾಸವಾಗುತ್ತದೆ. ಛಾಯಾಚಿತ್ರಕಾರರು ದೂರದೂರದಿಂದ ಬಂದು ಇಲ್ಲಿ ಗಂಟೆಗಟ್ಟಲೆ ಕಾದು ಕುಳಿತಿರುತ್ತಾರೆ.

ಈ ಗುಡ್ಡಗಳು ಉಳಿದ ಗುಡ್ಡಗಳಂತೆ ಶಿಲೆಯಿಂದಾದುವಲ್ಲ; ಗಾಳಿ ಹೊತ್ತು ತಂದ ಧೂಳಿನಿಂದಾದುವು. ಒಂದೂವರೆ ಕೋಟಿ ವರ್ಷಗಳಷ್ಟು ಹಿಂದೆ ಈ ಪ್ರದೇಶದ ಮೇಲೆಲ್ಲ ಲಾವಾ ಹರಿದು ಕಪ್ಪು ಬಸಾಲ್ಟ್ ಶಿಲೆಯಾಗಿ ಹೆಪ್ಪುಗಟ್ಟಿತು. ಅದಕ್ಕಿಂತ ಎಷ್ಟೋ ಹಿಂದಿನ ಕ್ವಾರ್ಟ್ಜೈಟ್ ಶಿಲೆಯ ಶಿಖರವೊಂದು ಲಾವಾದಲ್ಲಿ ಮುಳುಗದೆ ತಲೆಯೆತ್ತಿಕೊಂಡು ಉಳಿಯಿತು, ಅದೇ ಸ್ಟೆಪ್ಟೋ. ಭೂವಿಜ್ಞಾನಿಗಳು ಇಂತಹ ಶಿಲಾದ್ವೀಪಗಳನ್ನು ಲೋಕದ ಯಾವ ಮೂಲೆಯಲ್ಲಿ ಕಂಡರೂ ಇದರ ಹೆಸರಿನಿಂದಲೇ ಕರೆಯುತ್ತಾರೆ. ಆಮೇಲೆ ಹಿಮಯುಗಗಳು ಬಂದವು. ಹಿಮನದಿಗಳು ಬಂಡೆಗಳನ್ನು ಅರೆದು ಮಾಡಿದ ನುಣುಪಾದ ಪುಡಿಯನ್ನು ಪ್ರವಾಹಗಳು ನೈಋತ್ಯದ ತಗ್ಗಿನಲ್ಲಿ ಹರಡಿದುವು. ಅಲ್ಲಿಂದ ಬೀಸುವ ಗಾಳಿ ಆ ಪುಡಿಯನ್ನು ಎತ್ತಿ, ಲಕ್ಷಾಂತರ ವರ್ಷ ಕಣಕಣವಾಗಿ ತಂದು ಇಲ್ಲಿ ಸುರಿಯಿತು. ಹೀಗೆ ಕೂಡಿದ ಮಣ್ಣು ಕೆಲವೆಡೆ ಇನ್ನೂರು ಅಡಿಗೂ ಆಳವಾಗಿದೆ. ಕಲ್ಲಿಲ್ಲದ, ನೀರನ್ನು ಹಿಡಿದಿಟ್ಟುಕೊಳ್ಳಬಲ್ಲ, ಬೇರಿಗೆ ತಡೆಯೊಡ್ಡದ ಮಣ್ಣು ಅದು. ಬೇಸಾಯಗಾರನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇಕಿಲ್ಲ. ಆದರೆ ಗಾಳಿ ತಂದು ಕೊಟ್ಟ ಮಣ್ಣನ್ನು ನೀರು ಕೊಂಡೊಯ್ಯುವುದೂ ಅಷ್ಟೇ ಸುಲಭ.

ಪಲೂಸ್ ಎಂಬ ಹೆಸರು ಈ ನೆಲದ ಮೂಲನಿವಾಸಿಗಳಾದ ಒಂದು ಜನಾಂಗದ ಹೆಸರೂ ಹೌದು. ಅವರು ಕುದುರೆಗಳನ್ನು ಸಾಕುವುದರಲ್ಲಿ ಪ್ರವೀಣರಾಗಿದ್ದರು. ಮೈಮೇಲೆ ಚುಕ್ಕೆಗಳುಳ್ಳ ಅಪಲೂಸ ಎಂಬ ಕುದುರೆಯ ತಳಿ ಈ ಹೆಸರನ್ನು ಇಂದಿಗೂ ಹೊತ್ತಿದೆ. ಆಗ ಗುಡ್ಡಗಳ ಮೇಲೆಲ್ಲ ಗೊಂಚಲುಗೊಂಚಲಾಗಿ ಬೆಳೆಯುವ ಹುಲ್ಲು ಹಾಸಿತ್ತು. 1858ರಲ್ಲಿ ಸರ್ಕಾರದ ಸೈನ್ಯಕ್ಕೂ ಇಲ್ಲಿನ ಜನಾಂಗಗಳಿಗೂ ಯುದ್ಧವಾಗಿ, ಸೈನಿಕರು ಪಲೂಸರ ನೂರಾರು ಕುದುರೆಗಳನ್ನು ಹಿಡಿದು ಗುಂಡಿಕ್ಕಿ ಕೊಂದರು. ಹುಲ್ಲನ್ನು ಮೇಯುವ ಕುದುರೆಗಳು ಹೋದ ಕೆಲವೇ ದಶಕಗಳಲ್ಲಿ ಹುಲ್ಲೂ ಹೋಯಿತು. 1870ರ ತರುವಾಯ ಬಿಳಿಯ ವಲಸಿಗರು ಬಂದು ನೆಲೆಸಿದರು, ರೈಲು ಬಂದಿತು, ನೇಗಿಲು ಗುಡ್ಡಗಳ ತಲೆಯವರೆಗೂ ಏರಿತು. ಕಡಿದಾದ ಇಳಿಜಾರಿನಲ್ಲಿ ಇಪ್ಪತ್ತು ಮೂವತ್ತು ಕುದುರೆಗಳನ್ನು ಒಟ್ಟಿಗೆ ಹೂಡಿ ಕಟಾವಿನ ಯಂತ್ರಗಳನ್ನು ಎಳೆಸುತ್ತಿದ್ದ ಕಾಲದ ಚಿತ್ರಗಳು ಅಲ್ಲಿನ ಊರುಗಳಲ್ಲಿ ಈಗಲೂ ನೋಡಸಿಗುತ್ತವೆ. ಹಳೆಯ ಹುಲ್ಲುಗಾವಲಿನಲ್ಲಿ ಇಂದು ಉಳಿದಿರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೂ ಸ್ಮಶಾನಗಳ ಅಂಚಿನಲ್ಲಿ, ನೇಗಿಲಿಗೆ ನಿಲುಕದ ಇಕ್ಕಟ್ಟುಗಳಲ್ಲಿ.

ಇಲ್ಲಿನ ಹವೆಯದು ಒಂದು ವಿಶೇಷ. ನಮ್ಮ ಮುಂಗಾರಿನಂತೆ ಬೇಸಗೆಯ ಬೆನ್ನಿಗೇ ಮಳೆ ಬರುವುದಿಲ್ಲ. ಬೇಸಗೆಯಲ್ಲಿ ಆಕಾಶ ಬರಿದಾಗಿರುತ್ತದೆ. ವರ್ಷದ ಮಳೆ ಹದಿನೈದರಿಂದ ಇಪ್ಪತ್ತಮೂರು ಅಂಗುಲದ ಸುಮಾರಿಗೆ ಇದ್ದು, ಬಹುಪಾಲು ಚಳಿಗಾಲದಲ್ಲಿ ಮಳೆಯಾಗಿ ಇಲ್ಲವೆ ಹಿಮವಾಗಿ ಬೀಳುತ್ತದೆ. ಆದ್ದರಿಂದ ತೇವವನ್ನು ಕೂಡಿಡಲೆಂದು ರೈತರು ಒಂದು ವರ್ಷ ಗೋಧಿ ಬೆಳೆದು ಮರುವರ್ಷ ಹೊಲವನ್ನು ಬೀಳು ಬಿಡುವುದನ್ನು ರೂಢಿಸಿಕೊಂಡರು. ಬೀಳು ಹೊಲದಲ್ಲಿ ಕಳೆ ತಲೆಯೆತ್ತದಂತೆ ಬೇಸಗೆಯೆಲ್ಲ ಕುಂಟೆ ಹೊಡೆದೂ ಹೊಡೆದೂ ಮಣ್ಣು ಹಿಟ್ಟಿನಂತಾಗುತ್ತಿತ್ತು. ಶರತ್ಕಾಲದಲ್ಲಿ ಬಿತ್ತಿದ ಗೋಧಿ ಎರಡು ಎಲೆ ಬಿಡುವುದರೊಳಗೆ ಚಳಿಗಾಲ ಬಂದೇ ಬರುವುದು. ಮೇಲೆ ಹಿಮ ಕರಗುತ್ತಿರುವಾಗ ಅಡಿಯ ನೆಲ ಇನ್ನೂ ಹೆಪ್ಪುಗಟ್ಟಿಯೇ ಇದ್ದರೆ ನೀರು ಇಂಗುವುದೆಲ್ಲಿ? ಅದು ಇಳಿಜಾರಿನ ಮೇಲಿನ ಹಿಟ್ಟಿನಂಥ ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಫೆಬ್ರವರಿಯ ಒಂದು ಮಳೆಯಾದ ಮರುದಿನ ಗುಡ್ಡದ ಮೈಮೇಲೆ ಬಾಚಣಿಗೆ ಎಳೆದಂತೆ ನೂರಾರು ಸಣ್ಣ ಕೊರಕಲುಗಳು ಮೂಡಿರುತ್ತಿದ್ದುವು. ಆ ಮಣ್ಣೆಲ್ಲ ಪಲೂಸ್ ನದಿಯನ್ನು ಸೇರಿ, ಸುಮಾರು ಇನ್ನೂರು ಅಡಿ ಎತ್ತರದ ಜಲಪಾತದಿಂದ ಧುಮುಕಿ, ಸ್ನೇಕ್ ನದಿಯ ಪಾಲಾಗುತ್ತಿತ್ತು.

ದೇಶವು ಈ ಹಾನಿಯನ್ನು ಕಾಣದೆ ಇರಲಿಲ್ಲ. 1930ರ ದಶಕದಲ್ಲಿ ಮಧ್ಯದ ಬಯಲುಸೀಮೆಗಳಿಂದ ಎದ್ದ ಧೂಳಿನ ಬಿರುಗಾಳಿಗಳು ಎಲ್ಲರ ಕಣ್ಣನ್ನೂ ತೆರೆಸಿದವು. 1935ರಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ಕಾರ ಭೂಸಂರಕ್ಷಣೆಗೆಂದೇ ಪ್ರತ್ಯೇಕ ಇಲಾಖೆಯೊಂದನ್ನು ಸ್ಥಾಪಿಸಿತು. ಪಲೂಸಿನ ನಡುವಣ ಪುಲ್‌ಮನ್ ಊರಿನಲ್ಲೂ ಮಣ್ಣಿನ ಸವಕಳಿಯನ್ನು ಅಳೆಯುವ ಕೆಲಸ ನಡೆಯಿತು. ಆದರೂ 1978ರಲ್ಲಿ ಕೃಷಿ ಇಲಾಖೆ ಹೊರತಂದ ವರದಿ ಸಮಾಧಾನ ಕೊಡುವಂತಿರಲಿಲ್ಲ. ಪಲೂಸಿನ ಸಾಗುವಳಿಯ ಭೂಮಿಯಲ್ಲಿ ನೂರಕ್ಕೆ ಹತ್ತು ಪಾಲು ತನ್ನ ಮೂಲ ಮೇಲ್ಮಣ್ಣನ್ನು ಸಂಪೂರ್ಣವಾಗಿ ಕಳೆದುಕೊಂಡಿತ್ತು. ಇನ್ನೂ ಅರವತ್ತು ಪಾಲು ಭೂಮಿಯಲ್ಲಿ ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ಮೇಲ್ಮಣ್ಣು ಹೋಗಿತ್ತು. ಉತ್ತು ನೂರು ವರ್ಷ ಆಗುವುದರೊಳಗೆ ಇಷ್ಟು! ಗುಡ್ಡಗಳ ನೆತ್ತಿಯ ಮೇಲೆ ಅಲ್ಲಲ್ಲಿ ಕಾಣುವ ಪೇಲವವಾದ ತೇಪೆಗಳು ಚಿತ್ರಕ್ಕೆ ಶೋಭೆ ತರುವ ಬಣ್ಣವೆಂದು ಪ್ರವಾಸಿ ತಿಳಿಯುವುದುಂಟು. ಕಪ್ಪು ಮಣ್ಣು ಕೊಚ್ಚಿಹೋಗಿ ಒಳಗಿನ ಗೊಡ್ಡು ಜೇಡಿ ಹೊರಬಿದ್ದ ಗುರುತು ಅದೆಂಬುದು ರೈತನಿಗೆ ಗೊತ್ತು.

ಈ ನೆಲಕ್ಕೆ ಒದಗಿ ಬಂದ ಹೊದಿಕೆಗಳಲ್ಲಿ ಒಂದು ಚಳಿಗಾಲದ ಬಟಾಣಿ. ಆಸ್ಟ್ರಿಯನ್ ಬಟಾಣಿಯೆಂದು ಅದನ್ನು ಅಲ್ಲಿ ಕರೆಯುತ್ತಾರೆ. ಪೇಟೆಯಲ್ಲಿ ಕಾಣುವ ಹಸಿರು ಬಟಾಣಿಯ ಬಳಗವೇ ಆದರೂ ಇದರ ರೂಪ ಬೇರೆ. ಕಾಳು ಚಿಕ್ಕದು, ಕಂದುಬಣ್ಣದ್ದು, ಮೈಮೇಲೆ ಚುಕ್ಕೆಗಳು. ಹೂವು ಬಿಳಿಯಲ್ಲ, ನೇರಳೆಯೂ ಗುಲಾಬಿಯೂ ಬೆರೆತದ್ದು. ಸೆಪ್ಟೆಂಬರಿನಲ್ಲಿ ಕೂರಿಗೆಯಿಂದ ಎರಡು ಮೂರು ಅಂಗುಲ ಆಳಕ್ಕೆ ಇದನ್ನು ಬಿತ್ತುತ್ತಾರೆ. ನೆಲ ಹೆಪ್ಪುಗಟ್ಟುವುದಕ್ಕೆ ಐದಾರು ವಾರ ಮುಂಚೆಯೇ ಬಿತ್ತನೆ ಮುಗಿಯಬೇಕು; ತಡವಾದರೆ ಎಳೆಯ ಸಸಿ ಚಳಿಯನ್ನು ತಾಳಲಾರದು. ಬೇರು ಬಿಟ್ಟ ಸಸಿ ಮಾತ್ರ ಗಟ್ಟಿಗ. ಚಳಿ ಬಲಿತಂತೆ ಅದು ಮೇಲಕ್ಕೆ ಬೆಳೆಯುವುದನ್ನು ನಿಲ್ಲಿಸಿ, ನೆಲಕ್ಕೆ ಅಂಟಿಕೊಂಡು, ಹಿಮದ ಕಂಬಳಿಯ ಕೆಳಗೆ ಮುದುರಿ ಮಲಗುತ್ತದೆ. ಶೂನ್ಯಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ಅದು ಸಹಿಸಬಲ್ಲುದು. ಮಾರ್ಚ್ ಏಪ್ರಿಲ್‌ಗಳಲ್ಲಿ ಬಿಸಿಲು ಕಾಣುತ್ತಲೇ ಎಚ್ಚೆತ್ತು, ಕುಡಿಗಳನ್ನು ಒಂದಕ್ಕೊಂದು ಹೆಣೆದುಕೊಂಡು, ಮೇ ತಿಂಗಳ ಕೊನೆಯ ಹೊತ್ತಿಗೆ ಮೊಳಕಾಲನ್ನೂ ಮೀರಿದ ಹಸಿರು ರಾಶಿಯಾಗುತ್ತದೆ. ಬರಿಯ ಬಟಾಣಿಯ ಕಾಂಡ ಟೊಳ್ಳು; ಹೆಚ್ಚು ಎತ್ತರವಾದರೆ ಒರಗಿಬೀಳುತ್ತದೆ. ಆದ್ದರಿಂದ ಕೆಲವರು ಬಾರ್ಲಿಯನ್ನೋ ರೈ ಧಾನ್ಯವನ್ನೋ ಜೊತೆಗೆ ಬಿತ್ತುವುದುಂಟು. ಧಾನ್ಯದ ಕಡ್ಡಿ ಬಳ್ಳಿಗೆ ಊರೆಯಾಗುತ್ತದೆ, ಬೇಗ ಕೊಳೆಯದೆ ನೆಲದ ಮೇಲೂ ಉಳಿಯುತ್ತದೆ.

ಹೂ ತುಂಬಿದಾಗ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಇದನ್ನು ಉತ್ತು ಹೂಳುತ್ತಾರೆ. ಮೈಯಲ್ಲಿ ಕೂಡಿಟ್ಟ ಸಾರವನ್ನು ಗಿಡ ಕಾಳಿಗೆ ಸಾಗಿಸತೊಡಗುವ ಮುನ್ನ, ಎಲೆ ಬಳ್ಳಿಗಳಲ್ಲಿ ಅದು ತುಂಬಿರುವ ಗಳಿಗೆಯೇ ಹದ. ನಮ್ಮ ನಾಡಿನ ರೈತರು ಸೆಣಬನ್ನು ಬೆಳೆದು ಹೂಬಿಡುವ ಹೊತ್ತಿಗೆ ಗದ್ದೆಯಲ್ಲಿ ತುಳಿಸುವುದನ್ನು ಬಲ್ಲವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಸಿರುಗೊಬ್ಬರವೆಂದು ಕರೆಯುವುದು ಇದನ್ನೇ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಥಿಯೊಫ್ರಾಸ್ಟಸನು, ತನ್ನ ಕಾಲದ ಕೆಲವು ಪ್ರಾಂತಗಳ ಜನ ಹೂಬಿಟ್ಟ ಅವರೆಯ ಜಾತಿಯ ಗಿಡವನ್ನು ಉತ್ತು ಮಣ್ಣಿಗೆ ಸೇರಿಸುತ್ತಾರೆಂದು ಬರೆದಿಟ್ಟಿದ್ದಾನೆ.

ರೂಢಿ ಪುರಾತನವಾದರೂ ಕಾರಣ ತಿಳಿದದ್ದು ಇತ್ತೀಚೆಗೆ. ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು ಮರಳು ತುಂಬಿದ ಕುಂಡಗಳಲ್ಲಿ ಬಟಾಣಿಯನ್ನೂ ಧಾನ್ಯಗಳನ್ನೂ ಬೆಳೆಸಿ ನೋಡಿ, ಬಟಾಣಿಯ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆಂದು 1886ರಲ್ಲಿ ಪ್ರಕಟಿಸಿದರು. ಬಟಾಣಿಯ ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದು ನೋಡಿದರೆ ಸಾಸುವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದು ನಮ್ಮ ರಕ್ತಕ್ಕೆ ಕೆಂಪನ್ನು ಕೊಡುವ ವಸ್ತುವಿನ ಬಂಧುವೇ. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆಯೆಂದು ಅರ್ಥ. ಬೆಳೆ ಚೆನ್ನಾಗಿ ಬಂದರೆ ಎಕರೆಗೆ ತೊಂಬತ್ತರಿಂದ ನೂರೈವತ್ತು ಪೌಂಡಿನಷ್ಟು ಸಾರಜನಕ ಬಳ್ಳಿಯ ಮೈಯಲ್ಲಿ ಕೂಡುತ್ತದೆ.

ಪುಲ್‌ಮನ್ ಊರಿಗೂ ಬಟಾಣಿಗೂ ಇನ್ನೊಂದು ಬಗೆಯ ನಂಟೂ ಉಂಟು. ಆಸ್ಟ್ರಿಯಾ ಚಕ್ರಾಧಿಪತ್ಯದ ಮಠವೊಂದರ ತೋಟದಲ್ಲಿ ಬಟಾಣಿಯ ಗಿಡಗಳನ್ನು ಕೂಡಿಸಿ ಗ್ರೆಗರ್ ಮೆಂಡೆಲ್ ಕಂಡುಕೊಂಡ ಅನುವಂಶೀಯತೆಯ ನಿಯಮಗಳು 1866ರಲ್ಲಿ ಅಚ್ಚಾಗಿ, ಮೂವತ್ತು ವರ್ಷಕ್ಕೂ ಮಿಕ್ಕಿ ಯಾರ ಗಮನಕ್ಕೂ ಬಾರದೆ ಉಳಿದಿದ್ದುವು. ಪುಲ್‌ಮನ್ನಿನ ಕೃಷಿ ಕಾಲೇಜಿನಲ್ಲಿದ್ದ ವಿಲಿಯಂ ಜಾಸ್ಪರ್ ಸ್ಪಿಲ್‌ಮನ್, ಈ ಸೀಮೆಗೆ ಒಗ್ಗುವ ಚಳಿಗಾಲದ ಗೋಧಿಯನ್ನು ಹುಡುಕುತ್ತ ತಳಿಗಳನ್ನು ಕೂಡಿಸುತ್ತಿದ್ದಾಗ, ಮೆಂಡೆಲನ ಹೆಸರನ್ನೂ ಕೇಳದೆ, ಅದೇ ನಿಯಮಗಳ ಹತ್ತಿರಕ್ಕೆ ಬಂದು 1901ರಲ್ಲಿ ತನ್ನ ಫಲಿತಾಂಶವನ್ನು ವಿದ್ವಾಂಸರ ಮುಂದಿಟ್ಟನು. ಆ ಕಾಲೇಜು ಈಗ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಲೋಕದ ನಾನಾ ಭಾಗಗಳ ಬಟಾಣಿಯ ತಳಿಗಳ ಬೀಜಗಳನ್ನು ಕಾಪಾಡುವ ಸರ್ಕಾರಿ ಭಂಡಾರವೂ ಇದೇ ಊರಿನಲ್ಲಿದೆ.

ಹಸಿರುಗೊಬ್ಬರದಿಂದ ಮಣ್ಣು ಉಳಿಯುತ್ತದೆಂಬ ಮಾತನ್ನು ಎಲ್ಲರೂ ಆಡುತ್ತಿದ್ದರು; ಎಷ್ಟು ಉಳಿಯುತ್ತದೆಂದು ಹೇಳುವುದು ಕಷ್ಟವಾಗಿತ್ತು. ಅದಕ್ಕೆ ಒಂದೇ ಬಗೆಯ ಮಣ್ಣಿನ ಮೇಲೆ, ಅಕ್ಕಪಕ್ಕದಲ್ಲಿ, ಎರಡು ಬೇರೆ ರೀತಿಯ ಬೇಸಾಯ ದಶಕಗಟ್ಟಲೆ ನಡೆದಿರಬೇಕು. ಸ್ಪೋಕೇನ್ ನಗರದ ಸಮೀಪದಲ್ಲಿ ಅಂಥ ಎರಡು ಜಮೀನುಗಳು ಒಂದಕ್ಕೊಂದು ತಾಗಿಕೊಂಡೇ ಇದ್ದವು. ಎರಡನ್ನೂ ಮೊದಲು ಉತ್ತದ್ದು 1908–09ರ ಸುಮಾರಿನಲ್ಲಿ. ಒಂದರ ಒಡೆಯರು ಅಂಗಡಿಯ ರಾಸಾಯನಿಕ ಗೊಬ್ಬರವನ್ನು ಎಂದೂ ಹಾಕಿದವರಲ್ಲ. ಚಳಿಗಾಲದ ಗೋಧಿ, ಬಳಿಕ ಕಾಳಿಗಾಗಿ ವಸಂತದ ಬಟಾಣಿ, ಮೂರನೆಯ ವರ್ಷ ಮಣ್ಣಿಗೆ ಸೇರಿಸಲೆಂದೇ ಆಸ್ಟ್ರಿಯನ್ ಬಟಾಣಿ—ಹೀಗೆ ಬೆಳೆಗಳನ್ನು ಸರದಿಯ ಮೇಲೆ ನಡೆಸುತ್ತಿದ್ದರು. ಇನ್ನೊಂದು ಜಮೀನಿಗೆ 1948ರಿಂದ ರಾಸಾಯನಿಕ ಗೊಬ್ಬರ ಬಂದಿತು. ಗೋಧಿ, ವಸಂತದ ಬಟಾಣಿ, ಮತ್ತೆ ಗೋಧಿ ಎಂಬುದು ಅಲ್ಲಿನ ಸರದಿಯಾಯಿತು, ಹಸಿರುಗೊಬ್ಬರಕ್ಕೆ ಎಡೆಯಿರಲಿಲ್ಲ.

ಜಾನ್ ರೆಗನಾಲ್ಡ್, ಲಾಯ್ಡ್ ಎಲಿಯಟ್, ಇವಾನ್ ಉಂಗರ್ ಎಂಬ ಮೂವರು ವಿಜ್ಞಾನಿಗಳು ಈ ಎರಡು ಜಮೀನುಗಳ ಗಡಿಯ ಆಚೀಚೆ ಮಣ್ಣನ್ನು ಪರೀಕ್ಷಿಸಿ 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಹಸಿರುಗೊಬ್ಬರವನ್ನು ಕಂಡ ಹೊಲದ ಮೇಲ್ಮಣ್ಣು ನೆರೆಯ ಹೊಲದ್ದಕ್ಕಿಂತ 16 ಸೆಂಟಿಮೀಟರ್ ಹೆಚ್ಚು ದಪ್ಪವಾಗಿತ್ತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಮುಕ್ಕಾಲು ಗೇಣು. ಆ ಹೊಲದ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಾಗಿತ್ತು. ಒಣಗಿದಾಗ ಅದು ಗಡುಸಾಗಿ ಹೆಂಟೆಗಟ್ಟುತ್ತಿರಲಿಲ್ಲ. ನೀರಿನೊಡನೆ ಹರಿದುಹೋಗುವ ಮಣ್ಣನ್ನು ಅಳೆದಾಗ, ಒಂದು ಹೊಲದಲ್ಲಿ ಹೆಕ್ಟೇರಿಗೆ ಸುಮಾರು 32 ಟನ್ನು, ಇನ್ನೊಂದರಲ್ಲಿ ಸುಮಾರು 8 ಟನ್ನು. ಮೇಲೆ ಒಂದೇ ಆಕಾಶ, ಕೆಳಗೆ ಒಂದೇ ಗುಡ್ಡ. ನಡುವಣ ಗಡಿಯ ಗೆರೆಯೊಂದರ ಆಚೀಚೆ ಇಷ್ಟು ಅಂತರ ಉಂಟಾಗಿತ್ತು. ಬೆಳೆಗಳ ಸರದಿ ಮತ್ತು ಉಳುಮೆಯ ಕ್ರಮ ಇವೆರಡರ ಭೇದವೇ ಇದಕ್ಕೆ ಕಾರಣವೆಂದು ಅವರು ನಿರ್ಣಯಿಸಿದರು. ಹಸಿರುಗೊಬ್ಬರದ ಬೆಳೆ ಇದ್ದದ್ದು ಒಂದು ಹೊಲದಲ್ಲಿ ಮಾತ್ರ.

ಹಾಗಾದರೆ ಉಳಿದ ರೈತರು ಇದನ್ನು ಏಕೆ ಅನುಸರಿಸಲಿಲ್ಲ? ಅವರನ್ನು ಅವಿವೇಕಿಗಳೆಂದು ಹಳಿಯುವುದು ನ್ಯಾಯವಲ್ಲ. ಮೂರು ವರ್ಷಕ್ಕೆ ಒಂದು ವರ್ಷದ ವರಮಾನವನ್ನು ಮಣ್ಣಿಗೆ ಸುರಿಯುವುದು ಸುಲಭದ ಮಾತಲ್ಲ. ಜಮೀನಿನ ಕಂತು, ಯಂತ್ರದ ಸಾಲ, ಮಕ್ಕಳ ಓದು, ಇವು ಯಾವುವೂ ಆ ವರ್ಷ ಬಿಡುವು ಕೊಡುವುದಿಲ್ಲ. ಹಸಿರುಗೊಬ್ಬರದ ಹೊಲದಲ್ಲಿ ಗೋಧಿಯ ಇಳುವರಿಯೂ ನೆರೆಹೊಲಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆಯಿತ್ತು. ಮಳೆ ಕಡಿಮೆಯಾದ ಪಶ್ಚಿಮದ ಅಂಚಿನಲ್ಲಂತೂ ಬಟಾಣಿ ಹೀರುವ ತೇವವನ್ನು ಮುಂದಿನ ಗೋಧಿಗೆ ಉಳಿಸಿದರೆ ಸಾಕೆಂಬ ಸ್ಥಿತಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಾರಜನಕದ ಗೊಬ್ಬರ ಅಗ್ಗವಾಗಿ ಸಿಗತೊಡಗಿತು. ಬಟಾಣಿ ಒಂಬತ್ತು ತಿಂಗಳು ದುಡಿದು ಕೂಡಿಡುವುದನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಹೊಲಕ್ಕೆ ಇಳಿಸುತ್ತಿತ್ತು. ದೇಶದ ದಕ್ಷಿಣದ ಹತ್ತಿಯ ಸೀಮೆಯಲ್ಲೂ ಹೀಗೆಯೇ ಆಯಿತು. ಅಲ್ಲಿ ಒಂದು ಕಾಲಕ್ಕೆ ಹತ್ತಿಯ ಹೊಲಗಳಿಗೆ ಚಳಿಗಾಲದ ಹೊದಿಕೆಯಾಗಿ ಈ ಬಟಾಣಿಯನ್ನು ವಿಶೇಷವಾಗಿ ಬಿತ್ತುತ್ತಿದ್ದು, ಅದಕ್ಕೆ ಬೀಜ ಹೋಗುತ್ತಿದ್ದುದು ಈ ವಾಯವ್ಯದ ಸಂಸ್ಥಾನಗಳಿಂದಲೇ. ಗೊಬ್ಬರದ ಮೂಟೆ ಗಿಡಕ್ಕೆ ಬೇಕಾದ ಸಾರಜನಕವನ್ನೇನೋ ಕೊಟ್ಟಿತು. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವ ಬೇರನ್ನು ಕೊಡುವುದು ಮೂಟೆಯಿಂದ ಆಗಲಿಲ್ಲ. ಆ ನಷ್ಟ ಯಾವ ವರ್ಷದ ಲೆಕ್ಕದ ಪುಸ್ತಕದಲ್ಲೂ ಕಾಣಿಸಿಕೊಳ್ಳಲಿಲ್ಲ.

ಈಚಿನ ದಶಕಗಳಲ್ಲಿ ಪಲೂಸಿನ ಬೇಸಾಯದಲ್ಲಿ ಒಳ್ಳೆಯ ಬದಲಾವಣೆಗಳು ಆಗಿವೆ. ಉಳುಮೆಯನ್ನೇ ಕೈಬಿಟ್ಟು, ಹಿಂದಿನ ಬೆಳೆಯ ಕೂಳೆಯ ನಡುವೆಯೇ ಬೀಜವನ್ನು ಇಳಿಸುವ ಕೂರಿಗೆಗಳು ಬಂದಿವೆ. ಸವಕಳಿ ಹಿಂದಿನಷ್ಟು ಭಯಂಕರವಾಗಿಲ್ಲ. ಬಟಾಣಿಯ ತಳಿಗಾರರು ಬಿಳಿಯ ಹೂವಿನ, ಚುಕ್ಕೆಯಿಲ್ಲದ ಕಾಳಿನ, ಆದರೂ ಚಳಿಯನ್ನು ತಾಳುವ ಹೊಸ ತಳಿಗಳನ್ನು ಬೆಳೆಸಿದ್ದಾರೆ. ಇವನ್ನು ಶರತ್ಕಾಲದಲ್ಲಿ ಬಿತ್ತಿ, ಚಳಿಗಾಲದಲ್ಲಿ ನೆಲಕ್ಕೆ ಹೊದಿಕೆಯಾಗಿಸಿ, ಬೇಸಗೆಯಲ್ಲಿ ಕಾಳು ಕೊಯ್ದು ಮಾರಬಹುದು. ಪುಲ್‌ಮನ್ನಿನಲ್ಲಿ 1989ರಲ್ಲಿ ಆರಂಭವಾದ ಮಸೂರದ ಉತ್ಸವವೂ ಆಗಸ್ಟ್ ತಿಂಗಳಲ್ಲಿ ಜನರನ್ನು ಸೇರಿಸಿದೆ. ಈ ಗುಡ್ಡಗಳ ಬೇಳೆಕಾಳುಗಳು ಹಡಗೇರಿ ಭಾರತದ ಬಂದರುಗಳನ್ನೂ ತಲಪಿದ್ದುಂಟು.

ರೈತನ ಕೈಗೆ ಕಾಸು ಬರುವುದು ಸಂತೋಷದ ವಿಷಯವೇ. ಆದರೆ ಕಾಳನ್ನು ಕೊಯ್ದಾಗ ಗಾಳಿಯಿಂದ ಕೂಡಿಟ್ಟ ಸಾರಜನಕದ ದೊಡ್ಡ ಪಾಲು ಚೀಲದಲ್ಲಿ ಹೊಲದ ಹೊರಗೆ ಹೋಗುತ್ತದೆ. ಮಣ್ಣಿಗೆ ಉಳಿಯುವುದು ಬೇರು, ಹೊಟ್ಟು ಮಾತ್ರ. ಮಣ್ಣಿಗೆ ಎಷ್ಟು, ಮನೆಗೆ ಎಷ್ಟು ಎಂಬ ಪಾಲಿನ ಪ್ರಶ್ನೆ ಹೊಸ ತಳಿ ಬಂದರೂ ತೀರಿಲ್ಲ. ಪ್ರತಿಯೊಬ್ಬ ರೈತನೂ ಅದನ್ನು ತನ್ನ ಹೊಲದ ಇಳಿಜಾರನ್ನು ನೋಡಿಕೊಂಡು, ಬ್ಯಾಂಕಿನ ಕಾಗದವನ್ನು ನೋಡಿಕೊಂಡು, ಪ್ರತಿವರ್ಷವೂ ಬಗೆಹರಿಸಿಕೊಳ್ಳಬೇಕಾಗಿದೆ.

ಆಗಸ್ಟಿನಲ್ಲಿ ಈ ಸೀಮೆಗೆ ಬರುವ ಪ್ರವಾಸಿಗೆ ಹೂಳಿದ ಬಟಾಣಿಯ ಸುಳಿವೂ ಕಾಣದು. ಅಷ್ಟು ಹೊತ್ತಿಗೆ ಬಳ್ಳಿ ಕೊಳೆತು ಮಣ್ಣಾಗಿರುತ್ತದೆ. ಪಕ್ಕದ ಗುಡ್ಡದಲ್ಲಿ ಹೊಂಬಣ್ಣದ ಗೋಧಿಯನ್ನು ಯಂತ್ರಗಳು ಕೊಯ್ಯುತ್ತಿರುವಾಗ ಈ ಹೊಲ ಬರಿದಾಗಿ, ಕಪ್ಪಾಗಿ, ಚಿತ್ರ ತೆಗೆಯುವವರ ಕಣ್ಣಿಗೆ ಬೀಳದೆ ಸುಮ್ಮನೆ ಬಿದ್ದಿರುತ್ತದೆ. ಅದರ ಒಂದು ಹಿಡಿ ಮಣ್ಣನ್ನು ಎತ್ತಿ ಅದುಮಿದರೆ ಮುದ್ದೆಯಾಗುತ್ತದೆ; ಬೆರಳಿನಿಂದ ತಟ್ಟಿದರೆ ಹುಡಿಯಾಗಿ ಉದುರುತ್ತದೆ. ಇನ್ನು ಕೆಲವು ವಾರಗಳಲ್ಲಿ ಅಲ್ಲಿ ಗೋಧಿಯ ಬಿತ್ತನೆಯಾಗಬೇಕು. ಅದರ ಬೆನ್ನಿಗೆ ಚಳಿಗಾಲದ ಮಳೆ ಬರುತ್ತದೆ.